ಬಸಿರಿಗೆ ಮುನ್ನ ಒಮ್ಮೆ ವಸಡು ತೋರಿಸಿ

ಮಗು ಬೇಕೆಂದು ನಿರ್ಧರಿಸಿದ ದಂಪತಿಗೆ ವೈದ್ಯರು ಬರೆದುಕೊಡುವ ಚೀಟಿ ಸಾಕಷ್ಟು ಉದ್ದವಿರುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸ್ಕ್ಯಾನಿಂಗ್, ಜತೆಗೆ ಫೋಲಿಕ್ ಆಸಿಡ್ ಮಾತ್ರೆ. ಬಾಯಿಯ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತಿದೆ ಎಂದು ಆಕೆಯೇ ಹೇಳಿಕೊಂಡರೂ "ಬ್ರಷ್ ಗಟ್ಟಿ ಇರಬೇಕು, ಬೇರೆ ತಗೋ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬಸುರಿಯಾದ ಮೇಲಂತೂ "ಈಗೆಲ್ಲ ಹಾಗೇ ಕಣೇ, ಹೆರಿಗೆ ಆದಮೇಲೆ ತಾನಾಗಿ ಹೋಗುತ್ತೆ" ಎಂದು ಅಮ್ಮ, ಅತ್ತೆ ಇಬ್ಬರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜ. ಈ ಲೇಖನ ಉಳಿದರ್ಧದ ಬಗ್ಗೆ.

ವಸಡಿನ ರೋಗದ ಬ್ಯಾಕ್ಟೀರಿಯಾಗಳಿಗೂ ಹೆಣ್ಣಿನ ಗರ್ಭಕೋಶಕ್ಕೂ ನಂಟಿದೆಯೇ ಎಂದು ಸುಮಾರು 30 ವರ್ಷಗಳಿಂದ ಹುಡುಕಾಟ ನಡೆದಿದೆ. "ವಸಡು ಕೆಟ್ಟರೆ ಬಂಜೆತನ" ಎಂದು ಯೂಟ್ಯೂಬ್‌ನಲ್ಲಿ ಹೆದರಿಸುವವರನ್ನು ನಂಬಬೇಡಿ. "ಹಲ್ಲಿಗೂ ಹೊಟ್ಟೆಗೂ ಎಲ್ಲಿಂದೆಲ್ಲಿಗೆ ಸಂಬಂಧ" ಎಂದು ನಗುವವರನ್ನೂ ನಂಬಬೇಡಿ. ಇದುವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಮುಖ್ಯವಾಗಿ ಕಾಣುವುದು ಚಿಕಿತ್ಸೆಯ ಸಮಯ. ವಸಡನ್ನು ಬಸಿರು ನಿಲ್ಲುವ ಮೊದಲೇ ಸರಿಮಾಡಿಕೊಳ್ಳಬೇಕು. ನಾವೋ, ಹಲ್ಲು ನೋಯುವವರೆಗೂ ಕಾಯುವವರು.

ಹಲ್ಲಿನ ಬುಡದಿಂದ ಮಾಸಿನವರೆಗೆ

ಹಲ್ಲಿನ ಮೇಲೆ ದಿನವೂ ಅಂಟುವ ಮೆತ್ತನೆಯ ಪಾಚಿ ಉಜ್ಜಿದರೆ ಹೋಗುತ್ತದೆ. ಉಜ್ಜದೆ ಬಿಟ್ಟ ಕಡೆ ಅದು ಜೊಲ್ಲಿನ ಸುಣ್ಣದಂಶ ಹೀರಿ ಗಾರೆಯಾಗುತ್ತದೆ. ಗಾರೆಯ ಒರಟು ಮೈಮೇಲೆ ಮತ್ತಷ್ಟು ಪಾಚಿ ಕೂರುತ್ತದೆ. ವಸಡು ಕೆಂಪಾಗಿ, ಊದಿ, ಮುಟ್ಟಿದರೆ ರಕ್ತ ಬರುವ ಈ ಹಂತಕ್ಕೆ ಜಿಂಜಿವೈಟಿಸ್ ಎನ್ನುತ್ತಾರೆ. ಇಲ್ಲಿಂದ ಪೂರ್ತಿ ಹಿಂದಿರುಗಬಹುದು. ಹಾಗೇ ಬಿಟ್ಟರೆ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದಿ ಬೀಳುತ್ತದೆ, ಕೆಳಗಿನ ಮೂಳೆ ಕರಗತೊಡಗುತ್ತದೆ. ಅದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ಬಾಯಿ ತುಂಬ ಈ ರೋಗವಿರುವವರಲ್ಲಿ ಸಂದಿಗಳ ಒಳಗೋಡೆಯ ಹುಣ್ಣನ್ನೆಲ್ಲ ಬಿಡಿಸಿ ಹರಡಿದರೆ 8ರಿಂದ 20 ಚದರ ಸೆಂಟಿಮೀಟರ್‌ನಷ್ಟಾಗುತ್ತದೆ ಎಂಬ ಅಂದಾಜಿದೆ. ಅಷ್ಟಗಲದ ಹುಣ್ಣು ಕೈಮೇಲಿದ್ದಿದ್ದರೆ ಅದೇ ದಿನ ಆಸ್ಪತ್ರೆಗೆ ಓಡುತ್ತಿದ್ದೆವು. ಬಾಯೊಳಗಿನದು ಕಾಣುವುದಿಲ್ಲ, ಬಹುಪಾಲು ನೋಯುವುದೂ ಇಲ್ಲ.

ಈ ಸಂದಿಗಳಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದವು ಎರಡು: ಪೋರ್ಫೈರೋಮೋನಸ್ ಜಿಂಜಿವಾಲಿಸ್ ಮತ್ತು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್. ಎರಡನೆಯದು ಆರೋಗ್ಯವಂತರ ಬಾಯಲ್ಲೂ ಇರುವಂಥದ್ದೇ. ವಸಡು ಉರಿದು ರಕ್ತ ಒಸರುವಾಗ ಅದರ ಸಂಖ್ಯೆ ಏರುತ್ತದೆ. ಅಗಿಯುವಾಗ, ಹಲ್ಲುಜ್ಜುವಾಗ ಒಂದಿಷ್ಟು ರಕ್ತನಾಳ ಸೇರುತ್ತದೆ. ಸಾಮಾನ್ಯವಾಗಿ ದೇಹ ಅದನ್ನು ಬೇಗನೆ ನಿವಾರಿಸಿಕೊಳ್ಳುತ್ತದೆ. ಆದರೆ ಈ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಪ್ರೋಟೀನ್‌ಗಳು ರಕ್ತನಾಳದ ಗೋಡೆಗೂ ಮಾಸಿನ ಅಂಗಾಂಶಕ್ಕೂ ಅಂಟಿಕೊಳ್ಳಬಲ್ಲವು ಎಂಬುದು ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ಕಂಡುಬಂದಿದೆ.

ಮನುಷ್ಯರಲ್ಲಿ ಇದರ ದಾರಿ ಹೆಜ್ಜೆಹೆಜ್ಜೆಯಾಗಿ ಸಿಕ್ಕಿದ ಒಂದು ಪ್ರಕರಣ 2010ರಲ್ಲಿ ಪ್ರಕಟವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ 35 ವರ್ಷದ ಮಹಿಳೆ. ಬಸಿರಿನುದ್ದಕ್ಕೂ ವಸಡಿನಲ್ಲಿ ರಕ್ತ, ಕೊನೆಯ ದಿನಗಳಲ್ಲಿ ಶೀತ, ಸಣ್ಣ ಜ್ವರ. ತುಂಬು ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಮಗುವಿನ ಶ್ವಾಸಕೋಶದಲ್ಲಿ, ಜಠರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಸಿಕ್ಕಿತು. ಯಿಪಿಂಗ್ ಹಾನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ತಾಯಿಯ ವಸಡಿನ ಸಂದಿಯ ಪಾಚಿ, ಯೋನಿ, ಗುದದ ಮಾದರಿಗಳನ್ನೆಲ್ಲ ಪರೀಕ್ಷಿಸಿದರು. ಮಗುವಿನಲ್ಲಿ ಸಿಕ್ಕ ತಳಿಯೇ ಬಾಯಲ್ಲಿ ಸಿಕ್ಕಿತು, ಬೇರೆ ಕಡೆ ಸಿಗಲಿಲ್ಲ. ವಸಡಿನ ಗಾಯದಿಂದ ರಕ್ತಕ್ಕೆ, ರಕ್ತದಿಂದ ಮಾಸಿಗೆ, ಅಲ್ಲಿಂದ ಮಗುವಿಗೆ ಹೋಗಿದ್ದಿರಬೇಕು. ಶೀತಜ್ವರ ಆಕೆಯ ರೋಗನಿರೋಧಕ ಶಕ್ತಿಯನ್ನು ಆ ಹೊತ್ತಿಗೆ ಕುಗ್ಗಿಸಿದ್ದಿರಬಹುದು ಎಂದು ಅವರು ತರ್ಕಿಸಿದರು.

ಇದನ್ನು ಓದಿ ಬಸುರಿಯೊಬ್ಬಳು ಗಾಬರಿಯಾದರೆ ಬರೆದವರ ತಪ್ಪು. ವಸಡಿನಲ್ಲಿ ರಕ್ತ ಬರುವ ಬಸುರಿಯರು ಕೋಟಿಗಟ್ಟಲೆ ಇದ್ದಾರೆ, ಅಮೆರಿಕದ ಅಂದಾಜಿನಂತೆ ನೂರಕ್ಕೆ 60ರಿಂದ 75 ಮಂದಿ. ಅವರಲ್ಲಿ ಬಹುಪಾಲು ಎಲ್ಲರಿಗೂ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಆ ಪ್ರಕರಣ ಹೀಗೂ ಆಗಬಹುದು ಎಂದು ತೋರಿಸಿತೇ ಹೊರತು ಎಷ್ಟು ಜನರಿಗೆ ಆಗುತ್ತದೆ ಎಂದು ಹೇಳಲಿಲ್ಲ. ಬ್ಯಾಕ್ಟೀರಿಯಾ ಮಾಸನ್ನು ಮುಟ್ಟದೆಯೂ ತೊಂದರೆ ಕೊಡುವ ಇನ್ನೊಂದು ದಾರಿಯನ್ನು ವಿಜ್ಞಾನಿಗಳು ಊಹಿಸುತ್ತಾರೆ. ಸೋಂಕಿದ ವಸಡಿನಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಹೆರಿಗೆ ನೋವನ್ನು ಶುರುಮಾಡುವುದರಲ್ಲೂ ಅಂಥ ರಾಸಾಯನಿಕಗಳ ಪಾತ್ರವಿದೆ.

ಚಿಕಿತ್ಸೆ ಕೊಟ್ಟು ನೋಡಿದಾಗ

1996ರಲ್ಲಿ ಅಮೆರಿಕದ ಸ್ಟೀವನ್ ಆಫನ್‌ಬ್ಯಾಕರ್ ಮತ್ತು ಸಂಗಡಿಗರು 124 ತಾಯಂದಿರ ಬಾಯಿ ಪರೀಕ್ಷಿಸಿ, ವಸಡಿನ ರೋಗ ತೀವ್ರವಾಗಿದ್ದವರಲ್ಲಿ ದಿನ ತುಂಬದೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಏಳು ಪಟ್ಟಿಗೂ ಮೀರಿ ಇದೆ ಎಂದು ವರದಿ ಮಾಡಿದರು. ದಂತವೈದ್ಯರ ಲೋಕದಲ್ಲಿ ದೊಡ್ಡ ಸದ್ದಾಯಿತು. ಹಾಗಿದ್ದರೆ ಬಸುರಿಯರ ಹಲ್ಲು ಕ್ಲೀನ್ ಮಾಡಿಸಿದರೆ ಅವಧಿಪೂರ್ವ ಹೆರಿಗೆ ತಪ್ಪಬೇಕಲ್ಲ?

ಮಾಡಿಸಿ ನೋಡಿದರು. ಅಮೆರಿಕದಲ್ಲಿ ವಸಡಿನ ರೋಗವಿದ್ದ 823 ಬಸುರಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ 21 ವಾರಗಳೊಳಗೆ ಆಳವಾದ ಕ್ಲೀನಿಂಗ್, ಇನ್ನೊಂದಕ್ಕೆ ಹೆರಿಗೆಯ ನಂತರ ಎಂದು ಹಂಚಿದರು. 2006ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಪಡೆದವರಲ್ಲಿ 37 ವಾರಕ್ಕೆ ಮುಂಚಿನ ಹೆರಿಗೆ ಶೇ 12.0, ಪಡೆಯದವರಲ್ಲಿ ಶೇ 12.8. ವ್ಯತ್ಯಾಸವೇ ಇಲ್ಲ ಎನ್ನಬಹುದು. 2009ರಲ್ಲಿ ಆಫನ್‌ಬ್ಯಾಕರ್ ಅವರೇ ಸುಮಾರು 1800 ಮಹಿಳೆಯರೊಂದಿಗೆ ನಡೆಸಿದ ಪ್ರಯೋಗದಲ್ಲೂ, ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ವರದಿಯಲ್ಲೂ ಇದೇ ಕಥೆ.

ನಂಟು ಸುಳ್ಳೆಂದು ಇದರಿಂದ ತೀರ್ಮಾನಿಸಬಹುದೇ? ಅಷ್ಟು ಸಲೀಸಲ್ಲ. ಒಂದು ಕಡೆ, ಬಡತನ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವೆಲ್ಲ ವಸಡನ್ನೂ ಕೆಡಿಸುತ್ತವೆ, ಹೆರಿಗೆಯನ್ನೂ ಹಿಂದೆಮುಂದೆ ಮಾಡುತ್ತವೆ; ಆರೋಪ ಪೂರ್ತಿ ವಸಡಿನ ಮೇಲೆ ಹೊರಿಸಲಾಗದು. ಇನ್ನೊಂದು ಕಡೆ, ನಾಲ್ಕೈದು ತಿಂಗಳಲ್ಲಿ ಕ್ಲೀನ್ ಮಾಡುವ ಹೊತ್ತಿಗೆ ಮಾಸು ಬೆಳೆದು ನಿಂತಿರುತ್ತದೆ, ಆಗಬೇಕಾದ್ದು ಆಗಿರುತ್ತದೆ, ಚಿಕಿತ್ಸೆಗೆ ತಡವಾಯಿತು ಎಂಬ ವಾದವಿದೆ. ನನಗೆ ಈ ವಾದ ಒಪ್ಪಿಗೆ. ಅದಕ್ಕೆ ಇಂಬು ಕೊಡುವಂಥದ್ದು ಆಫ್ರಿಕಾದ ಮಲಾವಿಯಲ್ಲಿ ನಡೆದಿದೆ. ಅವಧಿಪೂರ್ವ ಹೆರಿಗೆ ತುಂಬ ಹೆಚ್ಚಿರುವ ಆ ದೇಶದ ಎಂಟು ಆರೋಗ್ಯ ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದರು. ಅರ್ಧ ಕೇಂದ್ರಗಳಲ್ಲಿ ಬಾಯಿಯ ಆರೋಗ್ಯದ ತಿಳಿವಳಿಕೆ ಮಾತ್ರ, ಉಳಿದರ್ಧದಲ್ಲಿ ತಿಳಿವಳಿಕೆಯ ಜತೆಗೆ ಕ್ಸೈಲಿಟಾಲ್ ಇರುವ ಚ್ಯೂಯಿಂಗ್ ಗಮ್, ದಿನಕ್ಕೆ ಒಂದೆರಡು ಸಲ ಹತ್ತು ನಿಮಿಷ ಅಗಿಯಲು. ಬಸಿರಿಗೆ ಮೊದಲೇ ಇಲ್ಲವೇ 20 ವಾರಗಳೊಳಗೆ ಶುರು. 2022ರಲ್ಲಿ ಹೊರಬಂದ ಲೆಕ್ಕದಂತೆ ಅವಧಿಪೂರ್ವ ಹೆರಿಗೆ ಗಮ್ ಅಗಿದವರಲ್ಲಿ ಶೇ 12.6, ಅಗಿಯದವರಲ್ಲಿ ಶೇ 16.5. ಮಲಾವಿಯ ಸ್ಥಿತಿಗತಿ ಬೇರೆ, ನಮ್ಮದು ಬೇರೆ. ಇಲ್ಲಿ ಹಾಗೇ ಆಗುತ್ತದೆಂದು ಹೇಳಲಾಗದು. ಅಂಗಡಿಯ ಎಲ್ಲ ಚ್ಯೂಯಿಂಗ್ ಗಮ್‌ನಲ್ಲೂ ಕ್ಸೈಲಿಟಾಲ್ ಇರುವುದಿಲ್ಲ, ಪೊಟ್ಟಣದ ಹಿಂದೆ ಓದಿ ನೋಡಬೇಕು. ಮನೆಯಲ್ಲಿ ನಾಯಿ ಇದ್ದರೆ ಅದರ ಬಾಯಿಗೆ ಸಿಗದಂತೆ ಇಡಿ, ನಾಯಿಗೆ ಕ್ಸೈಲಿಟಾಲ್ ವಿಷ.

ಬಸಿರು ನಿಲ್ಲುವುದರ ಮೇಲೂ ವಸಡಿನ ಪರಿಣಾಮವಿದೆಯೇ ಎಂದು ನೋಡಿದವರು ಕಡಿಮೆ. ಪರ್ತ್‌ನ ಅದೇ ಅಧ್ಯಯನಕ್ಕೆ ಸೇರಿದ್ದ ಮಹಿಳೆಯರನ್ನು ಗರ್ಭ ಧರಿಸಲು ಎಷ್ಟು ಕಾಲ ಬೇಕಾಯಿತೆಂದು ಕೇಳಿದಾಗ ವಸಡಿನ ರೋಗವಿದ್ದವರಿಗೆ ಸರಾಸರಿ ಏಳು ತಿಂಗಳು, ಇಲ್ಲದವರಿಗೆ ಐದು ತಿಂಗಳು ಹಿಡಿದಿತ್ತು. ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ಗರ್ಭಿಣಿಯಾಗಲು ಬಯಸಿದ 256 ಆರೋಗ್ಯವಂತ ಮಹಿಳೆಯರ ಜೊಲ್ಲನ್ನು ಮೊದಲೇ ಪರೀಕ್ಷಿಸಿಟ್ಟು ಒಂದು ವರ್ಷ ಕಾದರು. 2017ರ ಆ ವರದಿಯಲ್ಲಿ, ಬಸಿರು ನಿಲ್ಲದವರಲ್ಲಿ ಶೇ 8.3 ಮಂದಿಯ ಜೊಲ್ಲಿನಲ್ಲಿ ಪೋರ್ಫೈರೋಮೋನಸ್ ಇತ್ತು, ನಿಂತವರಲ್ಲಿ ಶೇ 2.1 ಮಂದಿಯಲ್ಲಿ. ಮತ್ತೊಮ್ಮೆ ಲೆಕ್ಕ ನೋಡಿ: ಬಸಿರು ನಿಲ್ಲದವರಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಬಾಯಲ್ಲಿ ಅದು ಇರಲಿಲ್ಲ. ಮಗುವಾಗುವುದು ತಡವಾದ ಹೆಣ್ಣುಮಗಳಿಗೆ ಈಗಾಗಲೇ ಇರುವ ಚುಚ್ಚುಮಾತು ಸಾಲದೆಂದು "ಹಲ್ಲು ಸರಿಯಾಗಿ ಉಜ್ಜಲ್ಲ, ಅದಕ್ಕೇ" ಎಂಬುದೂ ಸೇರಿಕೊಳ್ಳಬಾರದು.

ಹೆಚ್ಚು ಕುತೂಹಲ ಹುಟ್ಟಿಸಿರುವುದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯ, ಕಿಬ್ಬೊಟ್ಟೆಯ ಪೊರೆ ಮುಂತಾದ ಕಡೆ ಬೆಳೆದು, ಮುಟ್ಟಿನ ದಿನಗಳಲ್ಲಿ ಎದ್ದು ಓಡಾಡಲಾಗದಷ್ಟು ನೋವು ಕೊಡುವ, ಎಷ್ಟೋ ಜನರಲ್ಲಿ ಬಸಿರು ನಿಲ್ಲದಂತೆ ಮಾಡುವ ಕಾಯಿಲೆ ಇದು. 2023ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಈ ಕಾಯಿಲೆಯಿರುವ ಮಹಿಳೆಯರಲ್ಲಿ ಶೇ 64 ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಕಂಡರು. ಕಾಯಿಲೆ ಇಲ್ಲದವರಲ್ಲಿ ಶೇ 10ಕ್ಕೂ ಕಡಿಮೆ. ಇಲಿಗಳ ಗರ್ಭಕೋಶಕ್ಕೆ ಈ ಬ್ಯಾಕ್ಟೀರಿಯಾ ಸೇರಿಸಿದಾಗ ಗಂಟುಗಳು ಹೆಚ್ಚಿದವು, ಆಂಟಿಬಯೋಟಿಕ್ ಕೊಟ್ಟಾಗ ತಗ್ಗಿದವು. ಆದರೆ ಮಹಿಳೆಯರಲ್ಲಿ ಅದು ಬಾಯಿಂದಲೇ ಬಂತೆಂದು ಅವರು ಸಾಧಿಸಿಲ್ಲ. ಅದೇ ಜಾತಿಯ ಬ್ಯಾಕ್ಟೀರಿಯಾ ಯೋನಿಯಲ್ಲೂ ಇರಬಲ್ಲದು, ಅದರಲ್ಲೂ ಅಲ್ಲಿನ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾದಾಗ. ಈ ಸುದ್ದಿ ಓದಿ ಮೆಡಿಕಲ್ ಶಾಪಿಗೆ ಹೋಗಿ ಮೆಟ್ರೊನಿಡಜೋಲ್‌ನಂಥ ಆಂಟಿಬಯೋಟಿಕ್ ಕೇಳಬೇಡಿ. ಇಲಿಯ ಪ್ರಯೋಗ ಇನ್ನೂ ಮನುಷ್ಯರ ಚಿಕಿತ್ಸೆಯಾಗಿಲ್ಲ.

ಕುರ್ಚಿಯಲ್ಲಿ ಕೂತ ಮೇಲೆ

ಮಗು ಬೇಕೆಂದು ಯೋಚಿಸಿದ ದಿನವೇ ಫೋಲಿಕ್ ಆಸಿಡ್ ಜತೆಗೆ ದಂತವೈದ್ಯರ ಭೇಟಿಯನ್ನೂ ಸೇರಿಸಿಕೊಳ್ಳಿ. ಹೋದಾಗ "ಹಲ್ಲು ನೋಡಿ" ಎನ್ನದೆ "ವಸಡಿನ ಆಳ ಅಳೆದು ಹೇಳಿ" ಎಂದು ಕೇಳಿ. ಅವರು ಮಿಲಿಮೀಟರ್ ಗೆರೆಗಳಿರುವ, ತುದಿ ಮೊಂಡಾದ ತೆಳು ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲನೆ ಇಳಿಸುತ್ತಾರೆ. ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳತೆ. "ಎರಡು, ಮೂರು, ಎರಡು, ಐದು" ಎಂದು ಅವರು ಹೇಳುತ್ತಾ ಹೋದಂತೆ ಪಕ್ಕದ ಸಹಾಯಕಿ ಬರೆದುಕೊಳ್ಳುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಇದ್ದು, ಕಡ್ಡಿ ತೆಗೆದಾಗ ರಕ್ತ ಬರದಿದ್ದರೆ ನಿಶ್ಚಿಂತೆ. ಮೂರರೊಳಗಿದ್ದೂ ರಕ್ತ ಬಂದರೆ ಕ್ಲೀನಿಂಗ್, ಮನೆಯಲ್ಲಿ ಸರಿಯಾದ ಉಜ್ಜುವಿಕೆ ಸಾಕಾಗುತ್ತದೆ. ನಾಲ್ಕೈದು ದಾಟಿದ ಕಡೆ ಬೇರಿನ ಮೇಲಿನ ಗಾರೆಯನ್ನೂ ತೆಗೆಯಬೇಕಾಗುತ್ತದೆ, ಅದಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು. ಎರಡು ಮೂರು ತಿಂಗಳ ನಂತರ ಮತ್ತೆ ಅಳೆಸಬೇಕು. ಆ ಅಳತೆಯ ಹಾಳೆಯ ಒಂದು ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಗಾರೆ ತುಂಬಿಕೊಂಡಿದ್ದ ಸಂದಿ ಖಾಲಿಯಾದಾಗ ನಾಲಿಗೆಗೆ ಅದು ಹೊಸ ಬಿರುಕಿನಂತೆ ತಾಗುತ್ತದೆ. ಮೂಳೆ ಮೊದಲೇ ಕರಗಿದ್ದ ಹಲ್ಲನ್ನು ಗಾರೆಯೇ ಹಿಡಿದು ನಿಲ್ಲಿಸಿತ್ತಾದರೆ ಅದು ಅಲ್ಲಾಡುವುದೂ ಗೊತ್ತಾಗುತ್ತದೆ. ಹಾಗೆ ಮಾಡಿದ್ದು ರೋಗ, ಬೈಸಿಕೊಳ್ಳುವುದು ಕ್ಲೀನಿಂಗ್.

ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಖಾಸಗಿ ದಂತ ಕಾಲೇಜುಗಳೂ ರಾಜ್ಯದಲ್ಲಿ ಬೇಕಾದಷ್ಟಿವೆ, ಅಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಕಡಿಮೆ ದರದಲ್ಲಿ ಮಾಡಿಕೊಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಕೆಲಸವೇನೂ ಕೆಡುವುದಿಲ್ಲ. ಗಂಡನನ್ನೂ ಕರೆದೊಯ್ಯಿರಿ. ಈ ಬ್ಯಾಕ್ಟೀರಿಯಾಗಳು ಜೊಲ್ಲಿನ ಮೂಲಕ ಒಬ್ಬರಿಂದೊಬ್ಬರಿಗೆ ಹೋಗಬಲ್ಲವು.

ಈಗಾಗಲೇ ಬಸುರಿಯಾಗಿದ್ದರೆ? ಆಗಲೂ ಹೋಗಿ. ಮೇಲೆ ಹೇಳಿದ ಪ್ರಯೋಗಗಳು ಅವಧಿಪೂರ್ವ ಹೆರಿಗೆ ತಪ್ಪಿಸಲಿಲ್ಲ ನಿಜ, ಆದರೆ ಬಸುರಿಯ ವಸಡು ಸುಧಾರಿಸಿತು, ಮಗುವಿಗೆ ಏನೂ ತೊಂದರೆಯಾಗಲಿಲ್ಲ ಎಂಬುದನ್ನೂ ಅವೇ ತೋರಿಸಿದವು. ನಾಲ್ಕರಿಂದ ಆರನೇ ತಿಂಗಳು ಕೂರಲು, ಮಲಗಲು ಅನುಕೂಲದ ಕಾಲ. ಕೀವು, ಬಾವು, ಜ್ವರ ಇದ್ದರೆ ಯಾವ ತಿಂಗಳೆಂದು ಲೆಕ್ಕ ಹಾಕುತ್ತ ಕೂರಬೇಡಿ. ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿಕೊಳ್ಳಬಹುದು, ಅಗತ್ಯವಿದ್ದರೆ ಸೀಸದ ಏಪ್ರನ್ ಹಾಕಿ ಹಲ್ಲಿನ ಎಕ್ಸ್‌ರೇ ತೆಗೆಸಬಹುದು. ಐದು ತಿಂಗಳು ಕಳೆದ ಮೇಲೆ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತಬಹುದು. ಬಲ ಸೊಂಟದ ಕೆಳಗೆ ಸಣ್ಣ ದಿಂಬಿಟ್ಟು ಎಡಕ್ಕೆ ವಾಲಿಸಿ ಎಂದು ನೀವೇ ಕೇಳಿ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕೊಡುತ್ತಾರೆ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ. 20 ವಾರದ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ, ಕೊನೆಯ ತಿಂಗಳುಗಳಲ್ಲಿ ಹೃದಯದ ರಕ್ತನಾಳಕ್ಕೂ ತೊಂದರೆ ಕೊಡಬಹುದು. ಆಂಟಿಬಯೋಟಿಕ್‌ಗಳಲ್ಲಿ ಡಾಕ್ಸಿಸೈಕ್ಲಿನ್ ಬೇಡ, ಅದರ ಗುಂಪಿನ ಟೆಟ್ರಾಸೈಕ್ಲಿನ್ ಮಗುವಿನ ಹಾಲುಹಲ್ಲಿಗೆ ಕಲೆ ಹಿಡಿಸುತ್ತದೆ. ಮುಟ್ಟು ಒಂದು ವಾರ ತಡವಾಗಿದೆ ಅಷ್ಟೇ ಆದರೂ ದಂತವೈದ್ಯರಿಗೆ ಮೊದಲೇ ಹೇಳಿಬಿಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಗೆ ಹೋಗುವವರು ತಾಯಿ ಕಾರ್ಡ್ ಹಿಡಿದು ಅದೇ ದಿನ ದಂತ ವಿಭಾಗಕ್ಕೂ ಹೋಗಿಬರಬಹುದು.

ಬಸುರಿಯ ವಸಡಿನಲ್ಲಿ ರಕ್ತ ಹೆಚ್ಚು ಬರುವುದು ಹಾರ್ಮೋನುಗಳಿಂದ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಏರಿದಂತೆ ವಸಡಿನ ರಕ್ತನಾಳಗಳು ಹಿಗ್ಗಿ, ಸ್ವಲ್ಪವೇ ಪಾಚಿ ಇದ್ದರೂ ದೊಡ್ಡ ಗಲಾಟೆ ಎದ್ದಂತಾಗುತ್ತದೆ. ಎರಡನೇ ತಿಂಗಳಿಗೆ ಶುರುವಾಗಿ ಎಂಟನೇ ತಿಂಗಳವರೆಗೂ ಏರುವುದುಂಟು. ಹಾರ್ಮೋನು ಕಡಿಮೆ ಮಾಡಲಾಗದು, ಪಾಚಿ ಕಡಿಮೆ ಮಾಡಬಹುದು. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ದಿನಕ್ಕೆರಡು ಸಲ ಎರಡೆರಡು ನಿಮಿಷ. ರಕ್ತ ಬರುವ ಜಾಗವನ್ನು ಹೆದರಿ ಬಿಟ್ಟುಬಿಡುತ್ತೇವೆ, ಹೆಚ್ಚು ಉಜ್ಜಬೇಕಾದ್ದು ಅದನ್ನೇ. ವಾಂತಿಯಾದ ಕೂಡಲೇ ಬ್ರಷ್ ಹಿಡಿಯಬೇಡಿ, ಹೊಟ್ಟೆಯ ಆಮ್ಲದಿಂದ ಹಲ್ಲಿನ ಮೇಲ್ಮೈ ಮೆತ್ತಗಾಗಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಪೇಸ್ಟಿನ ವಾಸನೆಗೆ ವಾಕರಿಕೆ ಬಂದರೆ ಸ್ವಲ್ಪ ದಿನ ಬರೀ ಬ್ರಷ್ಷಾದರೂ ಆದೀತು. ಉಪ್ಪುನೀರು, ಎಳ್ಳೆಣ್ಣೆ ಮುಕ್ಕಳಿಸುವುದು ಬಾಯಿಗೆ ಹಿತ, ಗಾರೆಯನ್ನು ಮಾತ್ರ ಅವು ಕೀಳುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ.

ಎಲೆ ಅಡಿಕೆ ಜತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಬೆಳಗಾವಿ ಕಡೆ ಹಲ್ಲಿಗೆ ತಿಕ್ಕುವ ಮಿಶ್ರಿ ಬಸಿರಿನಲ್ಲಿ ವಸಡಿಗಿಂತ ದೊಡ್ಡ ಅಪಾಯ. ಮುಂಬೈಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. "ವಸಡಿಗೆ ಒಳ್ಳೇದು" ಎಂದು ಮಿಶ್ರಿ ತಿಕ್ಕುವ ಅಜ್ಜಿಯರೊಂದಿಗೆ ವಾದ ಮಾಡುವುದು ಕಷ್ಟ. ಡಬ್ಬಿಯನ್ನು ಬಸುರಿಯ ಕೈಗೆ ಸಿಗದಂತೆ ಇಟ್ಟರೆ ಸಾಕು.

ಹೆರಿಗೆಯಾದ ಮೇಲೆ ರಕ್ತ ತಾನಾಗಿ ನಿಲ್ಲುತ್ತದೆ ಎಂದ ಅತ್ತೆಯ ಮಾತು ಬಹುಮಟ್ಟಿಗೆ ನಿಜವಾಗುತ್ತದೆ. ಊತ ಇಳಿಯುತ್ತದೆ, ಕೆಲವರಿಗೆ ವಸಡಿನ ಮೇಲೆ ಎದ್ದಿದ್ದ ಕೆಂಪು ಗುಳ್ಳೆಯೂ ಕುಗ್ಗುತ್ತದೆ, ಕುಗ್ಗದಿದ್ದರೆ ತೆಗೆಸಬಹುದು. ಆದರೆ ಆಳದ ಸಂದಿಗಳು ಹಾಗೇ ಉಳಿದಿರುತ್ತವೆ. ಬಾಣಂತನದಲ್ಲಿ ಹಲ್ಲು ಗಟ್ಟಿಯಾಗಿ ಉಜ್ಜಬಾರದು, ತಣ್ಣೀರು ಬಾಯಿಗೆ ಹಾಕಬಾರದು ಎನ್ನುವ ಮನೆಗಳಲ್ಲಿ ಪಾಚಿಗೆ ಇನ್ನಷ್ಟು ಅನುಕೂಲ. ಬಿಸಿನೀರು, ಮೆತ್ತನೆಯ ಬ್ರಷ್ ಎಂದರೆ ಸಾಮಾನ್ಯವಾಗಿ ಯಾರದೂ ತಕರಾರಿರುವುದಿಲ್ಲ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಳದ ಕ್ಲೀನಿಂಗ್, ಬೇಕಿದ್ದರೆ ವಸಡಿನ ಸಣ್ಣ ಶಸ್ತ್ರಚಿಕಿತ್ಸೆ, ಸಕ್ಕರೆಯ ಹತೋಟಿ ಎಲ್ಲಕ್ಕೂ ಅಷ್ಟು ಕಾಲ ಸಾಕು. ಮಗುವಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೋದಾಗ ನಿಮ್ಮ ವಸಡಿನ ಅಳತೆಗೂ ಒಂದು ದಿನ ಗೊತ್ತುಮಾಡಿಕೊಂಡು ಬನ್ನಿ.